ಚಪ್ಪಲಿ ಹೊರಗೆ, ಎಂಜಲು ಒಳಗೆ

ದವಡೆ ಹಲ್ಲು ಮೂರು ರಾತ್ರಿ ನಿದ್ದೆಗೆಡಿಸಿದ ಮೇಲೆ ದಂತವೈದ್ಯರ ಬಾಗಿಲಿಗೆ ಹೋದೆ. ಬಾಗಿಲಲ್ಲೇ ಫಲಕ: ‘ದಯವಿಟ್ಟು ಪಾದರಕ್ಷೆಗಳನ್ನು ಹೊರಗೆ ಬಿಡಿ.’ ಬಿಟ್ಟೆ. ಒಳಗಿನ ನೆಲದ ಹೊಳಪಿನಲ್ಲಿ ಊದಿಕೊಂಡ ನನ್ನ ಕೆನ್ನೆ ಕಾಣುತ್ತಿತ್ತು. ಇಷ್ಟು ಮಡಿಯ ಜಾಗದಲ್ಲಿ ಕ್ರಿಮಿಗೆ ಏನು ಕೆಲಸ ಎಂದುಕೊಂಡೆ.

ಎಕ್ಸ್‌-ರೇ ಬೇಕೆಂದರು. ಫಿಲ್ಮಿನ ಕಾಲ ಹೋಗಿ ಈಗ ಆರ್‌ವಿಜಿ ಸೆನ್ಸರ್ ಬಂದಿದೆ, ಬಾಯೊಳಗಿಟ್ಟರೆ ಹಲ್ಲಿನ ಚಿತ್ರವನ್ನು ನೇರ ಕಂಪ್ಯೂಟರಿಗೆ ಕಳಿಸುವಂಥದು. ಚಪ್ಪಟೆ ಬಿಲ್ಲೆ, ಹಿಂದೊಂದು ಇಲಿಬಾಲದಂಥ ವೈರು. ಸಹಾಯಕಿ ಅದನ್ನು ಮೇಜಿನಿಂದ ಎತ್ತಿಕೊಂಡಾಗಲೇ ಪ್ಲಾಸ್ಟಿಕ್ ಕವರು ತೊಟ್ಟಿತ್ತು. ತುಸು ಒದ್ದೆಯಾಗಿಯೂ ಇತ್ತು.

“ಏನಮ್ಮಾ, ಈ ಕವರು ಹೊಸದೇ?” ಎಂದೆ.

“ಈಗಷ್ಟೇ ಸ್ಪಿರಿಟ್‌ನಲ್ಲಿ ಒರೆಸಿದ್ದೇನೆ ಸರ್. ಬಾಯಿ ತೆರೆಯಿರಿ.”

ನನಗಿಂತ ಮೊದಲು ಒಳಗೆ ಹೋಗಿದ್ದ ಅಜ್ಜನ ಎಲೆ-ಅಡಿಕೆಯ ಕೆಂಪು ಬಾಯಿ ನೆನಪಾಯಿತು. ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಸೆನ್ಸರಿನ ಕಷ್ಟವೂ ನಿಜವೇ. ಇಕ್ಕಳ, ಕನ್ನಡಿಗಳಂತೆ ಅದನ್ನು ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರದ 121 ಡಿಗ್ರಿ ಹಬೆಗೆ ಹಾಕಿದರೆ ದುಬಾರಿ ಸೆನ್ಸರ್ ಅಲ್ಲೇ ಕೈಲಾಸ ಸೇರುತ್ತದೆ. ಅದಕ್ಕೇ ಬಾಯಿಗೊಂದು ಹೊಸ ಕವರು, ಕವರು ತೆಗೆದ ಮೇಲೆ ಸೋಂಕುನಿವಾರಕದಿಂದ ಒರೆಸುವುದು ಎಂಬ ನಿಯಮ. ಕವರಿಗೆ ಬೀಳುವುದು ಕೆಲವೇ ರೂಪಾಯಿ. ಹಲ್ಲಿನ ಮೊದಮೊದಲ ಎಕ್ಸ್‌-ರೇಯನ್ನು 1896ರಲ್ಲಿ ತೆಗೆದ ಜರ್ಮನಿಯ ಓಟೊ ವಾಲ್ಕಾಫ್ ಗಾಜಿನ ಫಲಕಕ್ಕೆ ರಬ್ಬರು ಸುತ್ತಿ 25 ನಿಮಿಷ ಕಚ್ಚಿಕೊಂಡಿದ್ದ. ಅವನದೇ ಬಾಯಿ, ಅವನದೇ ಎಂಜಲು. ಯಾರ ತಕರಾರೂ ಇರಲಿಲ್ಲ.

ಇನ್ನು ಕೈಗವಸಿನ ದಿಗ್ವಿಜಯ. ನನ್ನ ಬಾಯಿಂದ ಹೊರಟ ಸಹಾಯಕಿಯ ಆ ಕೈ ಯಂತ್ರದ ಕತ್ತು ತಿರುಗಿಸಿತು, ಬಾಗಿಲಿನ ಹಿಡಿ ಹಿಡಿಯಿತು, ಹೊರಗೆ ನಿಂತು ಗುಂಡಿ ಒತ್ತಿತು, ಬಂದು ಮೌಸ್ ಆಡಿಸಿತು. ಅಷ್ಟರಲ್ಲಿ ಮನೆಯಿಂದ ಫೋನು. “ಕುಕ್ಕರ್ ಮೂರು ಕೂಗಿದ ಮೇಲೆ ಆರಿಸು” ಎಂದು ಹೇಳಿ, ಮೊಬೈಲ್ ಜೇಬಿಗಿಳಿಸಿ, ಅದೇ ಕೈ ಮತ್ತೆ ನನ್ನ ನಾಲಿಗೆಯ ಬುಡಕ್ಕೆ. ನಮ್ಮಜ್ಜಿ ಊಟದ ನಡುವೆ ಎಂಜಲು ಕೈಯಲ್ಲಿ ಸೌಟು ಮುಟ್ಟಿದವರಿಗೆ ಗ್ರಹಚಾರ ಬಿಡಿಸುತ್ತಿದ್ದಳು. ಉಪ್ಪಿನಕಾಯಿ ಜಾಡಿಯ ಹತ್ತಿರ ಸುಳಿದರಂತೂ ಮುಗಿಯಿತು. ಆಕೆ ಸೂಕ್ಷ್ಮಜೀವಿಶಾಸ್ತ್ರ ಓದಿದವಳಲ್ಲ. ಕ್ಲಿನಿಕ್ಕಿನ ಗೋಡೆಯ ಮೇಲೆ ಅದನ್ನು ಓದಿದವರ ಮೂರು ಪ್ರಮಾಣಪತ್ರಗಳಿದ್ದವು.

ಹೆದರಿಕೆಯೆಲ್ಲ ಕಿರಣದ್ದೇ. ನನ್ನ ಎದೆಗೆ ಸೀಸದ ಏಪ್ರನ್ ಹೊದಿಸಿ ಎಲ್ಲರೂ ಹೊರಗೆ ಓಡಿದರು. ಗುಂಡಿ ಬಿಟ್ಟ ಕ್ಷಣಕ್ಕೆ ಕಿರಣ ಮುಗಿಯುತ್ತದೆ. ಯಕೃತ್ತನ್ನು ಕಾಡುವ ಹೆಪಟೈಟಿಸ್ ಬಿ ವೈರಸ್ ಒಣಗಿದ ಮೇಜಿನ ಮೇಲೂ 7 ದಿನ ಬದುಕಿರಬಲ್ಲದು. ಅದಕ್ಕೆ ಹೆದರಿ ಯಾರೂ ಓಡಿದ್ದನ್ನು ಕಾಣೆ. ಮೌಸಿಗೂ ಗುಂಡಿಗೂ ತೆಳು ಹಾಳೆ ಸುತ್ತಿ, ರೋಗಿಗೊಮ್ಮೆ ಬದಲಿಸುವ ವೈದ್ಯರು ಇದ್ದಾರೆ, ಇಲ್ಲವೆನ್ನುವುದಿಲ್ಲ. ನನ್ನ ಹಲ್ಲಿಗೆ ಅವರ ವಿಳಾಸ ಗೊತ್ತಿರಲಿಲ್ಲ ಅಷ್ಟೇ.

ಬೇರಿನ ಚಿಕಿತ್ಸೆಗೆ ಸೋಮವಾರ ಬನ್ನಿ ಎಂದರು. ಹೊರಬಂದು ಚಪ್ಪಲಿ ಮೆಟ್ಟಿದ ಮೇಲೆ ಕನ್ನಡಕ ಒಳಗೇ ಉಳಿದದ್ದು ನೆನಪಾಯಿತು. ಅವಸರದಲ್ಲಿ ಒಂದು ಹೆಜ್ಜೆ ಒಳಗಿಟ್ಟೆ. ಮುಂದಿನ ರೋಗಿಯ ಬಾಯಿಂದ ಆಗಷ್ಟೇ ಹೊರಬಂದ ಕೈಗವಸಿನ ಬೆರಳು ನನ್ನತ್ತ ಚಾಚಿತು.

“ಸರ್, ಚಪ್ಪಲಿ! ಇನ್‌ಫೆಕ್ಷನ್ ಆಗುತ್ತದೆ!”