ಪಂಕ್ ಸಂಗೀತ ನಾಜಿಗಳದ್ದಾ? ಸತ್ಯಾಂಶ

ಕೋಲಾರದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ. 'ಪಂಕ್ ಅಂದರೆ ನಾಜಿಗಳ ಸಂಗೀತ, ಮಕ್ಕಳನ್ನು ದೂರ ಇಡಿ' ಅಂತ. ಜೊತೆಗೆ ನಾಜಿ ಗುರುತಿನ ಅಂಗಿ ತೊಟ್ಟ ಹುಡುಗನ ಹಳೇ ಫೋಟೋ.

ಇದು ತಪ್ಪು. ಪಂಕ್ ಅಂದರೆ ಜೋರು ಗದ್ದಲದ, ಬಂಡಾಯದ ರಾಕ್ ಸಂಗೀತ; ನಾಜಿಗಳು ಅಂದರೆ ಹಿಟ್ಲರನ ಪಕ್ಷದವರು. 1970ರ ದಶಕದಲ್ಲಿ ಕೆಲವು ಪಂಕ್ ಹುಡುಗರು ಜನರನ್ನು ಕೆಣಕಲೆಂದೇ ಆ ಗುರುತು ಹಾಕಿಕೊಂಡಿದ್ದು ನಿಜ, ಆಮೇಲೆ ಜನಾಂಗದ್ವೇಷದ ಕೆಲವು ಬ್ಯಾಂಡ್‌ಗಳು ಹುಟ್ಟಿದ್ದೂ ನಿಜ. ಅಷ್ಟಕ್ಕೇ ಇಡೀ ಪಂಕ್ ಅನ್ನು ನಾಜಿ ಅನ್ನುವುದು ಅನ್ಯಾಯ ಅಲ್ವಾ?

1976ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಬರ್ಮಿಂಗ್‌ಹ್ಯಾಮ್‌ನ ವೇದಿಕೆಯಲ್ಲೇ ವಲಸಿಗರ ವಿರುದ್ಧ ಮಾತಾಡಿದಾಗ, ಅದನ್ನು ಖಂಡಿಸಿ ಬ್ರಿಟನ್‌ನಲ್ಲಿ 'ರಾಕ್ ಅಗೇನ್ಸ್ಟ್ ರೇಸಿಸಂ' (ಜನಾಂಗದ್ವೇಷದ ವಿರುದ್ಧ ರಾಕ್ ಸಂಗೀತ) ಎಂಬ ಚಳವಳಿ ಶುರುವಾಯಿತು. ಪಂಕ್ ಬ್ಯಾಂಡ್‌ಗಳು ಅದರ ಜೊತೆ ನಿಂತವು. 1978ರ ಏಪ್ರಿಲ್ 30ರಂದು ಈ ಚಳವಳಿಯ ಸಾವಿರಾರು ಜನ ಲಂಡನ್ನಿನ ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕ್‌ವರೆಗೆ ಮೆರವಣಿಗೆ ಹೋದರು. ಅಲ್ಲಿ ಪಂಕ್ ಬ್ಯಾಂಡ್ ದಿ ಕ್ಲ್ಯಾಶ್ ಮತ್ತು ಕಪ್ಪು ಜನರ ರೆಗ್ಗೇ (ಜಮೈಕಾ ಮೂಲದ ಸಂಗೀತ) ಬ್ಯಾಂಡ್ ಸ್ಟೀಲ್ ಪಲ್ಸ್ ಒಂದೇ ವೇದಿಕೆಯಲ್ಲಿ ಹಾಡಿದವು. ಅವತ್ತೇ ಹಾಡಿದ ಪಾಲಿ ಸ್ಟೈರೀನ್ ಎಂಬ ಪಂಕ್ ಹಾಡುಗಾರ್ತಿಯ ತಂದೆ ಸೊಮಾಲಿಯಾ ಮೂಲದವರು.

ಕೋಲಾರದವರಿಗೆ ಇಂಥ ಹಾಡು ಹೊಸದೇನಲ್ಲ. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ತಮಟೆ ಬಡಿದು ಹೋರಾಟದ ಹಾಡು ಹಾಡಿದ ಜಿಲ್ಲೆ ಇದು. ಆ ಫಾರ್ವರ್ಡ್ ಬಂದರೆ 1978ರ ಈ ಮೆರವಣಿಗೆಯ ವಿಷಯವನ್ನು ಅಲ್ಲೇ ಕೆಳಗೆ ಬರೆದು ಹಾಕಿ.