ಅಟ್ಟದ ಮೇಲಿನ ಆ ಬೈಂಡನ್ನು ರದ್ದಿಗೆ ಹಾಕುವ ಮುನ್ನ

ಇಷ್ಟಪಟ್ಟ ಕಥೆಯನ್ನು ತಾವೇ ಪ್ರಿಂಟ್ ತೆಗೆದು, ಹೊಲಿದು, ರಟ್ಟು ಕಟ್ಟಿ ಇಟ್ಟುಕೊಳ್ಳುವುದಕ್ಕೆ ಹೊರದೇಶದ ಅಭಿಮಾನಿಗಳು ‘ಫ್ಯಾನ್‌ಬೈಂಡಿಂಗ್’ ಅನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳು ಅಂಥದ್ದೇ ಕೆಲಸವನ್ನು ಹೆಸರಿನ ಹಂಗಿಲ್ಲದೆ ದಶಕಗಟ್ಟಲೆ ಮಾಡಿದರು. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಶುರುವಾದವು. ಇಂಥ ವಾರಪತ್ರಿಕೆಗಳಿಂದ ಧಾರಾವಾಹಿಯ ಹಾಳೆ ಬಿಡಿಸಿಟ್ಟು, ಕೊನೆಯ ಕಂತು ಬಂದ ಮೇಲೆ ಬೈಂಡ್ ಹಾಕಿಸಿ, ಬೀದಿಯವರೆಲ್ಲ ಸರದಿಯಲ್ಲಿ ಓದುತ್ತಿದ್ದರು. ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದವರ ಕಣ್ಣಿಗೆ ಈ ಓದುಗರು ಬೀಳಲೇ ಇಲ್ಲ. ಕನ್ನಡದಲ್ಲಿ ಪುಸ್ತಕಾಭಿಮಾನದ ಚರಿತ್ರೆ ಬರೆಯುವುದಾದರೆ ಈ ಬೈಂಡುಗಳಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅಚ್ಚಾದ ಕಾದಂಬರಿ ಕೈಲಿದೆ, ಇದ್ಯಾಕೆ ಅನ್ನಬೇಡಿ. ಕಂತಿನ ತಲೆಯ ಮೇಲಿನ ಚಿತ್ರ ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ‘ಹಿಂದಿನ ಸಂಚಿಕೆಯಲ್ಲಿ’ ಎಂಬ ಚೌಕವೂ ಇರುವುದಿಲ್ಲ. ಒಂದು ಹಾಳೆ ತಿರುವಿ ನೋಡಿ: ಈಚೆ ನಾಯಕಿ ಕಾಗದ ಓದುತ್ತಾ ಕಣ್ಣೊರೆಸಿಕೊಳ್ಳುತ್ತಾಳೆ, ಆಚೆ ಅರ್ಧ ಸೋಪಿನ ಜಾಹೀರಾತು, ಅರ್ಧ ಹೊಸರುಚಿ. ಮೊದಲ ಪುಟದಲ್ಲಿ ಮನೆಯಾಕೆಯ ಹೆಸರು, ಕೆಳಗೆ ‘ಓದಿ ಹಿಂದಿರುಗಿಸಿ’.

ಈ ಹಾಳೆಗಳು ಈಗ ಪುಡಿಯಾಗುತ್ತಿವೆ. ಇವು ನ್ಯೂಸ್‌ಪ್ರಿಂಟ್, ಅಂದರೆ ಮರವನ್ನು ಅರೆದು ಮಾಡಿದ ಕಾಗದ. ಅದರಲ್ಲಿ ಉಳಿದ, ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶ ಬೆಳಕಿಗೆ, ಗಾಳಿಗೆ ಹಳದಿ ತಿರುಗುತ್ತದೆ, ಕಾಗದದೊಳಗೆ ಆಮ್ಲ ಹೆಚ್ಚುತ್ತದೆ, ಅಂಚು ಮೊದಲು ಮುರಿಯುತ್ತದೆ. ಮಲೆನಾಡು, ಕರಾವಳಿಯಲ್ಲಾದರೆ ಪಿನ್ನಿನ ತುಕ್ಕು ಸುತ್ತಲಿನ ಕಾಗದವನ್ನೂ ತಿಂದುಹಾಕಿರುತ್ತದೆ. ಮೊದಲ ಕೆಲಸವೇ ಪಿನ್ ತೆಗೆಯುವುದು. ಕಾಲುಗಳನ್ನು ಮೊಂಡು ಚಾಕುವಿನಿಂದ ಮೇಲೆತ್ತಿ, ನೆಟ್ಟಗೆ ಮಾಡಿ, ಪಿನ್ನಿನ ಬೆನ್ನಿನ ಕಡೆಯಿಂದ ಎಳೆಯಿರಿ. ಕಾಲು ಬಿಡಿಸದೆ ಜಗ್ಗಿದರೆ ಹಾಳೆ ಹರಿಯುತ್ತದೆ. ಪ್ರತಿ ಕಂತಿನ ಮೂಲೆಯಲ್ಲಿ ಸಂಚಿಕೆಯ ದಿನಾಂಕ ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಈ ಕಾಗದದಲ್ಲಿ ಆಚೆ ಬದಿಗೂ ಇಳಿಯುತ್ತದೆ.

ಅತಿ ಹೆಚ್ಚು ಹಾಳಾಗುವುದು ಬೈಂಡಿಂಗ್ ಅಂಗಡಿಯಲ್ಲಿ. ಬಿಡಿ ಹಾಳೆಗಳನ್ನು ಜೋಡಿಸಿ, ಅಂಚಿನಿಂದ ಅರ್ಧ ಇಂಚು ಒಳಗೆ ತೂತು ಹೊಡೆದು ಹೊಲಿದರೆ ಪ್ರತಿ ಸಾಲಿನ ಮೊದಲ ಅಕ್ಷರಗಳೇ ಹೊಲಿಗೆಯೊಳಗೆ ಹೋಗುತ್ತವೆ, ಯಾಕೆಂದರೆ ವಾರಪತ್ರಿಕೆಯಲ್ಲಿ ಒಳಅಂಚು ಬಿಡುವುದೇ ಕಡಿಮೆ. ಆಮೇಲೆ ‘ನೀಟಾಗಿರಲಿ’ ಎಂದು ಮೂರೂ ಬದಿ ಕಟಿಂಗ್ ಮಾಡಿದರೆ ಪುಟಸಂಖ್ಯೆ, ಚಿತ್ರದ ಕೆಳಗಿನ ಕಲಾವಿದನ ಸಹಿ ಎರಡೂ ಮಾಯ. ಕೊಡುವಾಗಲೇ ‘ಕಟಿಂಗ್ ಬೇಡ’ ಎಂದು ಕಟ್ಟಿನ ಮೇಲೆ ಬರೆದು ಕೊಡಿ.

ಇದಕ್ಕೆ ಮದ್ದು, ಪ್ರತಿ ಹಾಳೆಗೂ ಒಂದು ಪಟ್ಟಿ. ಒಂದು ಇಂಚು ಅಗಲದ ತೆಳು ಕಾಗದದ ಪಟ್ಟಿಯನ್ನು ಹಾಳೆಯ ಒಳಅಂಚಿನ ಮೇಲೆ ಬರೀ 3 ಮಿಲಿಮೀಟರ್ ಕೂರುವಂತೆ ಅಂಟಿಸಿ, ಪಟ್ಟಿಯ ಇನ್ನೊಂದು ಅಂಚಿನಿಂದ 1 ಸೆಂಟಿಮೀಟರ್ ಒಳಗೆ ದಬ್ಬಣದಲ್ಲಿ ಐದು ತೂತು ಹಾಕಿ ಹೊಲಿಯಬೇಕು. ಆಗ ಅಕ್ಷರ ಒಂದೂ ಮುಚ್ಚುವುದಿಲ್ಲ, ಪುಟವೂ ಸರಾಗ ತೆರೆಯುತ್ತದೆ. ಪಟ್ಟಿ ಹಾಳೆಗಿಂತ ದಪ್ಪವಿದ್ದರೆ 25 ವಾರದ ಧಾರಾವಾಹಿಯ 50 ಹಾಳೆಗೆ ಬೆನ್ನು ಉಬ್ಬಿ, ರಟ್ಟು ಮುಚ್ಚುವುದೇ ಇಲ್ಲ. ಪಟ್ಟಿಯ ಉದ್ದಕ್ಕೆ ಕಾಗದದ ನಾರು ಓಡಬೇಕು. ಕಾಗದವನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬಾಗಿಸಿ ನೋಡಿದರೆ ಸುಲಭವಾಗಿ ಬಾಗುವ ಮಡಿಕೆಯ ಉದ್ದಕ್ಕೇ ನಾರು. ಅಡ್ಡ ಕತ್ತರಿಸಿದರೆ ಅಂಟು ಒಣಗುವಾಗ ಅಂಚೆಲ್ಲ ಸುಕ್ಕು.

ಅಂಟು ಮೈದಾದ್ದೇ ಸಾಕು. ಒಂದು ಪಾಲು ಮೈದಾಕ್ಕೆ ಐದು ಪಾಲು ನೀರು. ತಣ್ಣೀರಲ್ಲೇ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕೈಯಾಡಿಸಿ, ಆರಿದ ಮೇಲೆ ಸೋಸಿ. ಹುಳಕ್ಕೆಂದು ಮೈಲುತುತ್ತ ಬೆರೆಸುವುದು ಹಳೆಯ ರೂಢಿ, ಬೇಡ. ಅದು ವಿಷ, ಜೊತೆಗೆ ತಾಮ್ರದ ಅಂಶ ಕಾಗದವನ್ನು ಬೇಗ ಸವೆಸುತ್ತದೆ. ಎರಡು ದಿನಕ್ಕಾಗುವಷ್ಟೇ ಮಾಡಿಕೊಳ್ಳಿ. ನ್ಯೂಸ್‌ಪ್ರಿಂಟ್ ನೀರು ಕುಡಿದು ಹಿಗ್ಗುವುದರಿಂದ ಅಂಟನ್ನು ಪಟ್ಟಿಗೆ ಸವರಿ, ಹಾಳೆಗಲ್ಲ. ಭಾರ ಹೇರಿ ಒಂದು ದಿನ ಬಿಡಿ, ಬಿಸಿಲಿಗಿಡಬೇಡಿ. ಸೆಲ್ಲೋಟೇಪ್ ಮಾತ್ರ ಮುಟ್ಟಲೇಬೇಡಿ: ಕೆಲವು ವರ್ಷಕ್ಕೆ ಪ್ಲಾಸ್ಟಿಕ್ ಉದುರಿ, ಕಂದು ಜಿಡ್ಡು ಅಕ್ಷರದ ಮೇಲೆ ಖಾಯಂ. ಲ್ಯಾಮಿನೇಷನ್ನೂ ಬೇಡ, ಮುಂದೆ ಯಾರಿಗೂ ಬಿಡಿಸಲಾಗದು.

ಹೊಲಿಯುವ ಮೊದಲು ಸ್ಕ್ಯಾನ್ ಮಾಡಿಕೊಳ್ಳಿ. ಹಾಳೆ ಮಟ್ಟಸವಾಗಿ ಕೂರುವುದು ಆಗಲೇ. ಒತ್ತಕ್ಷರ ಕೂಡಿಕೊಳ್ಳದಿರಲು 400 ಡಿಪಿಐ ಇರಲಿ. ಹಿಂದೆ ಕಪ್ಪು ಕಾಗದ ಇಟ್ಟರೆ ಆಚೆ ಬದಿಯ ಅಚ್ಚು ಮೂಡುವುದಿಲ್ಲ. ಆ ಪ್ರತಿಯನ್ನು ಎಲ್ಲರಿಗೂ ಹಂಚಲು ಮಾತ್ರ ಕೃತಿಸ್ವಾಮ್ಯದ ಹಕ್ಕು ನೋಡಬೇಕು. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಬರಹ 2024ರ ಜನವರಿ 1ರಿಂದ ಮುಕ್ತ. 1994ರಲ್ಲಿ ತೀರಿಕೊಂಡ ಎಂ.ಕೆ. ಇಂದಿರಾ ಅವರದು 2054ರ ಕೊನೆಯವರೆಗೂ ಮುಕ್ತವಲ್ಲ. ಚಿತ್ರಗಳ ಹಕ್ಕು ಬೇರೆಯೇ.

ನಡುವೆ ಒಂದೆರಡು ವಾರ ತಪ್ಪಿರುತ್ತದೆ. ಪುಸ್ತಕದಿಂದ ಜೆರಾಕ್ಸ್ ತೆಗೆದು ಸೇರಿಸಬೇಡಿ, ಪುಸ್ತಕ ಮಾಡುವಾಗ ಲೇಖಕರು ತಿದ್ದಿರಬಹುದು. ಆ ಜಾಗದಲ್ಲಿ ಒಂದು ಖಾಲಿ ಪಟ್ಟಿ ಹೊಲಿದು ಅದರ ಮೇಲೆ ದಿನಾಂಕ ಬರೆದಿಡಿ. ಇನ್ನೊಬ್ಬರ ಅಟ್ಟದಲ್ಲಿ ಆ ವಾರದ ಸಂಚಿಕೆ ಸಿಕ್ಕ ದಿನ ಹೊಲಿಗೆ ಬಿಚ್ಚದೆ ಅಲ್ಲೇ ಅಂಟಿಸಬಹುದು.