ಎಕ್ಕವೂ ಬೇಕು, ಕರಿಬೇವೂ ಬೇಕು
ಬನ್ನೇರುಘಟ್ಟದಲ್ಲಿ 2006ರಲ್ಲಿ ಆರಂಭವಾದ ಚಿಟ್ಟೆ ಉದ್ಯಾನವನ್ನು ಪತ್ರಿಕೆಯ ಲೇಖನವೊಂದು ಮೆಚ್ಚಿಕೊಂಡಿದೆ. ನನಗೂ ಅದು ಅಚ್ಚುಮೆಚ್ಚಿನ ಜಾಗ. ಆದರೆ ಇಡೀ ಬೆಂಗಳೂರಿನ ಚಿಟ್ಟೆಗಳಿಗೆ ಅದೊಂದೇ ಉದ್ಯಾನ ಸಾಲದು. ಹೂವಿದ್ದರೆ ಚಿಟ್ಟೆ ಬರುತ್ತದೆ, ನಿಜ. ಮೊಟ್ಟೆಯಿಡಲು ಅದಕ್ಕೆ ಬೇರೆಯೇ ಗಿಡ ಬೇಕು: ಎಕ್ಕ, ನಿಂಬೆ, ಕರಿಬೇವು.

ನಮ್ಮ ಹಿತ್ತಲಿನ ಕರಿಬೇವಿನ ಎಲೆಯ ಮೇಲೆ ಮೊದಲು ಕಂಡದ್ದು ಹಕ್ಕಿಯ ಹಿಕ್ಕೆಯಂಥ ಪುಟ್ಟ ಹುಳು, ಚಿಟ್ಟೆಯ ಮರಿ. ಕೆಲವೇ ದಿನಗಳಲ್ಲಿ ಹಚ್ಚಹಸಿರಾಯಿತು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚಿ ಘಾಟು ಬಿಡುತ್ತಿತ್ತು. ಅರ್ಧ ಗಿಡ ಬೋಳಾಯಿತು. ಆಗಲಿ, ಒಗ್ಗರಣೆಗೆ ಎಲೆ ಅಂಗಡಿಯಲ್ಲೂ ಸಿಗುತ್ತದೆ. ದಯವಿಟ್ಟು ಔಷಧ ಹೊಡೆಯಬೇಡಿ.

ನಮ್ಮ ಬಡಾವಣೆಯಲ್ಲಿ ಎಕ್ಕವನ್ನು ಕಳೆಯೆಂದು ಕಿತ್ತು ಹುಲ್ಲುಹಾಸು ಹಾಸಿದರು. ಬೇಲಿಯಂಚಿನ ಒಂದು ಮೂಲೆಯನ್ನಾದರೂ ಹಾಗೆಯೇ ಬಿಡಿ ಎಂದು ನಿವಾಸಿಗಳ ಸಭೆಯಲ್ಲಿ ಕೇಳಿದ್ದೇನೆ. ಈ ಭಾನುವಾರ ಮತ್ತೆ ಕೇಳುತ್ತೇನೆ.